ಹಳೆಯ ಸೈಕಲ್ಲಿಗೆ ಘಟ್ಟ ಇಳಿಯುವ ಧೈರ್ಯ

ಆಗುಂಬೆ ಘಟ್ಟವನ್ನು ಸೈಕಲ್ಲಿನಲ್ಲಿ ಹತ್ತಲಾಗದಿದ್ದರೆ ಇಳಿದು ತಳ್ಳಿಕೊಂಡು ಹೋಗಬಹುದು. ದಮ್ಮು ಕಟ್ಟಿದರೆ ರಸ್ತೆಯ ತಡೆಗೋಡೆಯ ಮೇಲೆ ಕೂತು ಸುಧಾರಿಸಿಕೊಳ್ಳಬಹುದು. ಇಳಿಯುವಾಗ ಆ ಅನುಕೂಲವಿಲ್ಲ. ಹದಿನಾಲ್ಕು ಕಡಿದಾದ ತಿರುವುಗಳು. ಪ್ರತಿ ತಿರುವಿಗೂ ಮೊದಲೇ ವೇಗ ತಗ್ಗಿರಬೇಕು. ಎದುರಿನಿಂದ ಬಸ್ಸು ತಿರುಗುತ್ತಿದ್ದರೆ ಪೂರ್ತಿ ನಿಲ್ಲಬೇಕು. ಕ್ಯಾರಿಯರ್ ಮೇಲೆ ಬಟ್ಟೆಬರೆ, ಟೆಂಟ್, ನೀರು. ತಲೆಯ ಮೇಲೆ ಜೂನ್ ತಿಂಗಳ ಮಳೆ. ಆಗ ಸವಾರನ ಜೀವವನ್ನು ಕಾಯುವುದು ಬೆರಳಿನಷ್ಟು ಉದ್ದದ ನಾಲ್ಕು ರಬ್ಬರ್ ತುಂಡುಗಳು.

ನಲವತ್ತು ಐವತ್ತು ವರ್ಷ ಹಳೆಯ ಟೂರಿಂಗ್ ಸೈಕಲ್ಲುಗಳಿಗೆ ಈಗ ಮತ್ತೆ ಮರ್ಯಾದೆ ಬಂದಿದೆ. ಬ್ರಿಟನ್, ಅಮೆರಿಕಗಳಲ್ಲಿರುವ ಕನ್ನಡಿಗರಿಗೆ ಎಪ್ಪತ್ತರ ದಶಕದ ರ‍್ಯಾಲಿ, ಪೂಜೋಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. ಕೆಲವರು ಅವನ್ನು ಊರಿಗೂ ತರುತ್ತಾರೆ. ನಮ್ಮಲ್ಲೇ ಅಟ್ಟದ ಮೇಲೆ, ಕೊಟ್ಟಿಗೆಯ ಮೂಲೆಯಲ್ಲಿ ಗೇರ್ ಇರುವ ಹಳೆಯ ಸ್ಪೋರ್ಟ್ಸ್ ಸೈಕಲ್ಲುಗಳು ಉಳಿದಿವೆ. ಅವುಗಳ ಉಕ್ಕಿನ ಫ್ರೇಮ್ ಇನ್ನೂ ಒಂದು ತಲೆಮಾರು ಬಾಳುತ್ತದೆ. ಉದ್ದನೆಯ ಮೈಕಟ್ಟಿನಿಂದಾಗಿ ಹೊರೆ ಹೊತ್ತರೂ ಓಲಾಡುವುದಿಲ್ಲ. ದೂರು ಬರುವುದು ಒಂದೇ ಭಾಗದ ಮೇಲೆ: ‘ಎಲ್ಲಾ ಚೆನ್ನಾಗಿದೆ, ಬ್ರೇಕ್ ಮಾತ್ರ ನಿಲ್ಲಲ್ಲ’. ಅದರ ಬೆನ್ನಿಗೇ ಸಲಹೆಯೂ ಬರುತ್ತದೆ: ‘ಇದನ್ನು ಬಿಡಿ, ಡಿಸ್ಕ್ ಬ್ರೇಕ್ ಇರೋದು ತಗೊಳ್ಳಿ’.

ಆ ಸಲಹೆಯನ್ನು ನಾನು ಒಪ್ಪುವುದಿಲ್ಲ. ಹಳೆಯ ಟೂರಿಂಗ್ ಸೈಕಲ್ಲಿನ ಬ್ರೇಕ್ ಸೋಲುವುದು ಬಹುಮಟ್ಟಿಗೆ ಅದರ ವಿನ್ಯಾಸದಿಂದಲ್ಲ. ರಿಮ್ಮಿನ ಲೋಹ, ಕಲ್ಲಾದ ರಬ್ಬರ್, ಒಳಗೇ ತುಕ್ಕು ಹಿಡಿದ ವೈರ್ – ದೋಷ ಇರುವುದು ಈ ಮೂರರಲ್ಲಿ. ಬೆರಳಿನಿಂದ ರಸ್ತೆಯವರೆಗೆ ಬಲ ಸಾಗುವ ಹಾದಿಯಲ್ಲಿ ಯಾವುದು ದುರ್ಬಲವೋ ಅದನ್ನು ಮೊದಲು ಹಿಡಿದು ಸರಿಪಡಿಸಿದರೆ, ಅದೇ ಹಳೆಯ ಸೈಕಲ್ ಘಟ್ಟಕ್ಕೆ ಸಿದ್ಧವಾಗುತ್ತದೆ.

ಮಿನುಗುವ ರಿಮ್ಮಿನ ಮೋಸ

ಅಂದಿನ ಅಗ್ಗದ ಮತ್ತು ಮಧ್ಯಮ ಬೆಲೆಯ ಸೈಕಲ್ಲುಗಳಿಗೆ ಕ್ರೋಮ್ ಲೇಪಿಸಿದ ಉಕ್ಕಿನ ರಿಮ್ ಹಾಕುತ್ತಿದ್ದರು. ಅದು ಗಟ್ಟಿ, ಬೇಗ ತುಕ್ಕು ಹಿಡಿಯದು, ನೋಡಲು ಕನ್ನಡಿಯಂತೆ ಹೊಳೆಯುತ್ತದೆ. ಆ ನುಣುಪೇ ಮಳೆಯಲ್ಲಿ ಶತ್ರು. ರಬ್ಬರಿಗೂ ರಿಮ್ಮಿಗೂ ನಡುವೆ ನೀರಿನ ತೆಳು ಪದರ ಉಳಿದುಬಿಟ್ಟರೆ, ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಕಾಲಿಟ್ಟಂತೆ, ಹಿಡಿತ ಜಾರಿಹೋಗುತ್ತದೆ.

ಎಪ್ಪತ್ತರ ದಶಕದ ಆರಂಭದಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ ಎಂಐಟಿಯಲ್ಲಿ ಇದನ್ನು ಅಳೆದು ನೋಡಿದರು. ಸೈಕಲ್ ವಿಜ್ಞಾನದ ಬಗ್ಗೆ ಬರೆದು ಹೆಸರಾದ ಪ್ರಾಧ್ಯಾಪಕ ಡೇವಿಡ್ ಗೋರ್ಡನ್ ವಿಲ್ಸನ್ ಆ ಫಲಿತಾಂಶವನ್ನು ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಒದ್ದೆಯಾದ ಕ್ರೋಮ್ ರಿಮ್ಮಿನ ಮೇಲೆ ಸಾಮಾನ್ಯ ರಬ್ಬರಿನ ಘರ್ಷಣೆ ಒಣಗಿದ್ದಾಗಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆಯಾಗಿತ್ತು. ಪೂರ್ತಿ ಬಲ ಹಾಕಿ ಹಿಡಿದರೂ ಚಕ್ರ ಸುಮಾರು 30 ಸುತ್ತು ತಿರುಗಿದ ಮೇಲಷ್ಟೇ ಹಿಡಿತ ಏರತೊಡಗುತ್ತಿತ್ತು. ಒಣ ರಿಮ್ಮಿನ ಹಿಡಿತ ಮರಳಲು ಮತ್ತೆ 20 ಸುತ್ತು ಬೇಕಾಗುತ್ತಿತ್ತು. ಟೂರಿಂಗ್ ಸೈಕಲ್ಲಿನ ಚಕ್ರ ಒಂದು ಸುತ್ತಿಗೆ ಎರಡು ಮೀಟರಿಗಿಂತ ತುಸು ಹೆಚ್ಚು ಸಾಗುತ್ತದೆ. ಅಂದರೆ ನೀರನ್ನು ಒರೆಸಿಹಾಕುವುದರಲ್ಲೇ 60 ಮೀಟರ್ ಕಳೆದುಹೋಗುತ್ತದೆ. ಆಗುಂಬೆಯ ತಿರುವುಗಳಲ್ಲಿ ಅಷ್ಟು ದೂರ ಕಣ್ಣಿಗೂ ಕಾಣುವುದಿಲ್ಲ.

ಅಲ್ಯೂಮಿನಿಯಂ ರಿಮ್ಮೂ ಮಳೆಯಲ್ಲಿ ಹಿಡಿತ ಕಳೆದುಕೊಳ್ಳುತ್ತದೆ, ಆದರೆ ಇಷ್ಟೊಂದಲ್ಲ. ಬೇಗ ಚೇತರಿಸಿಕೊಳ್ಳುತ್ತದೆ ಕೂಡ. ಹಾಗಾಗಿ ಉಕ್ಕಿನ ರಿಮ್ ಇರುವ ಸೈಕಲ್ಲಿಗೆ ಮಾಡಬಹುದಾದ ಅತಿ ದೊಡ್ಡ ಉಪಕಾರವೆಂದರೆ ಅಲಾಯ್ ರಿಮ್, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ ರಿಮ್ ಹಾಕಿಸುವುದು. ಬ್ರೇಕನ್ನು ಮುಟ್ಟದೆಯೇ ಬ್ರೇಕ್ ಸುಧಾರಿಸುತ್ತದೆ. ಹಬ್ಬು ಚೆನ್ನಾಗಿದ್ದರೆ ಅದನ್ನೇ ಉಳಿಸಿಕೊಂಡು ಹೊಸ ಕಡ್ಡಿಗಳಿಂದ ಚಕ್ರ ಕಟ್ಟಿಸಬಹುದು. ಹೊಸ ಅಳತೆಗೆ ಹಳೆಯ ಕಡ್ಡಿ ಹೊಂದುವುದು ಅಪರೂಪ.

ಇಲ್ಲಿ ಒಂದು ಅಳತೆಯ ಸೂಕ್ಷ್ಮವಿದೆ. ಅಂದಿನ ಬಹುಪಾಲು ಟೂರಿಂಗ್ ಸೈಕಲ್ಲುಗಳ ಚಕ್ರ 27 ಇಂಚಿನದು. ರಿಮ್ಮಿನಲ್ಲಿ ಟೈರ್ ಕೂರುವ ಜಾಗದ ವ್ಯಾಸ 630 ಮಿಲಿಮೀಟರ್. ಇಂದು ಎಲ್ಲೆಡೆ ಸಿಗುವ 700ಸಿ ರಿಮ್ಮಿನದು 622. ವ್ಯಾಸದಲ್ಲಿ 8 ಮಿಲಿಮೀಟರ್ ಕಡಿಮೆ ಎಂದರೆ ರಬ್ಬರ್ 4 ಮಿಲಿಮೀಟರ್ ಒಳಕ್ಕೆ ಸರಿಯಬೇಕು. ಬ್ರೇಕಿನ ತೋಳಿನಲ್ಲಿ ರಬ್ಬರ್ ಕೂರಿಸುವ ಸೀಳು ಅಷ್ಟು ಉದ್ದವಿದೆಯೇ ಎಂದು ಸ್ಕೇಲ್ ಹಿಡಿದು ನೋಡಿ, ಆಮೇಲೆ ರಿಮ್ ಕೊಳ್ಳಬೇಕು. ಎಷ್ಟೋ ಹಳೆಯ ಬ್ರೇಕುಗಳಲ್ಲಿ ಜಾಗ ಇರುತ್ತದೆ. ಹೊಂದಿದರೆ ಇನ್ನೊಂದು ಲಾಭವೂ ಉಂಟು: ಟೈರ್ ಮತ್ತು ಮಡ್‌ಗಾರ್ಡ್ ನಡುವೆ ಜಾಗ ಹೆಚ್ಚುತ್ತದೆ, ದಪ್ಪ ಟೈರ್ ಹಾಕಬಹುದು.

ನಮ್ಮ ಹಳ್ಳಿಗಳ 28 ಇಂಚಿನ ಕರಿ ಸೈಕಲ್ಲುಗಳ ಕತೆ ಬೇರೆ. ಅವುಗಳಲ್ಲಿ ಕಂಬಿ ಎಳೆದು, ರಿಮ್ಮಿನ ಒಳಮುಖಕ್ಕೆ ಕೆಳಗಿನಿಂದ ರಬ್ಬರ್ ಒತ್ತುವ ಬ್ರೇಕ್ ಇರುತ್ತದೆ. ಆ ಬ್ರೇಕಿಗೆ ಬೇಕಾದ ರಿಮ್ಮಿನ ಆಕಾರವೇ ಬೇರೆ. ಪಕ್ಕದಿಂದ ಹಿಡಿಯುವ ಸೈಕಲ್ಲಿನ ಅಲಾಯ್ ರಿಮ್ ಅದಕ್ಕೆ ಒಗ್ಗುವುದಿಲ್ಲ. ಅಂಥ ಸೈಕಲ್ಲಿನಲ್ಲಿ ದೂರ ಹೋಗುವವರು ರಬ್ಬರ್ ಹೊಸದಾಗಿಟ್ಟು, ಕಂಬಿಯ ಕೀಲುಗಳ ಸಡಿಲ ತೆಗೆಸಿ, ಮಳೆಯಲ್ಲಿ ಘಟ್ಟ ಇಳಿಯುವಾಗ ಕೈಯಲ್ಲಿ ಹಿಡಿದು ನಡೆಯುವುದೇ ಕ್ಷೇಮ.

ರಬ್ಬರ್ ಕಲ್ಲಾದಾಗ

ರಿಮ್ ಬದಲಿಸಲು ಕೈಯಲ್ಲಿ ಹಣವಿಲ್ಲದಿದ್ದರೆ ಅಥವಾ ರಿಮ್ ಈಗಾಗಲೇ ಅಲಾಯ್ ಆಗಿದ್ದರೆ, ಮುಂದಿನ ಕೆಲಸ ರಬ್ಬರಿನದು. ಖರ್ಚಿಗೂ ಫಲಕ್ಕೂ ಹೋಲಿಸಿದರೆ ಇದಕ್ಕಿಂತ ಲಾಭದ ದುರಸ್ತಿ ಸೈಕಲ್ಲಿನಲ್ಲಿ ಇನ್ನೊಂದಿಲ್ಲ.

ರಬ್ಬರ್ ಸವೆಯದಿದ್ದರೂ ಮುದಿಯಾಗುತ್ತದೆ. ಗಾಳಿಗೆ, ಬಿಸಿಲಿಗೆ ಗಟ್ಟಿಯಾಗಿ ಮೇಲ್ಮೈ ಗಾಜಿನಂತೆ ಹೊಳೆಯತೊಡಗುತ್ತದೆ. ಉಗುರು ಒತ್ತಿ ನೋಡಿ: ಗುರುತು ಮೂಡದಿದ್ದರೆ ಅದನ್ನು ತೆಗೆದೆಸೆಯಿರಿ. ಇಪ್ಪತ್ತು ವರ್ಷ ಅಟ್ಟದಲ್ಲಿದ್ದ ಸೈಕಲ್ಲಿನ ರಬ್ಬರ್ ಹೊಸದರಂತೆ ದಪ್ಪಗಿದ್ದರೂ ಕೆಲಸಕ್ಕೆ ಬಾರದು. ಉಪ್ಪುಕಾಗದದಿಂದ ಮೇಲ್ಪದರ ಉಜ್ಜಿ ತೆಗೆದರೆ ಕೆಲವು ದಿನ ನಡೆದೀತು, ಆದರೆ ಘಟ್ಟಕ್ಕೆ ಹೊರಟವರು ಅದನ್ನು ನಂಬಬಾರದು.

ಮಳೆಗೆಂದೇ ತಯಾರಾದ ರಬ್ಬರುಗಳಲ್ಲಿ ಕೂಲ್ ಸ್ಟಾಪ್ ಕಂಪನಿಯ ಕೆಂಪು ಮಿಶ್ರಿತ ಕಿತ್ತಳೆ ಬಣ್ಣದ ‘ಸಾಮನ್’ ಪ್ರಪಂಚದಾದ್ಯಂತ ಟೂರಿಂಗ್ ಸವಾರರ ನೆಚ್ಚಿನದು. ಅದು ಒದ್ದೆ ರಿಮ್ಮನ್ನು ಕಪ್ಪು ರಬ್ಬರಿಗಿಂತ ಚೆನ್ನಾಗಿ ಹಿಡಿಯುತ್ತದೆ, ರಿಮ್ಮನ್ನು ಸವೆಸುವುದೂ ಕಡಿಮೆ. ಉಕ್ಕಿನ ರಿಮ್ಮನ್ನೇ ಉಳಿಸಿಕೊಳ್ಳುವವರಿಗೂ ಇದರಿಂದ ಪ್ರಯೋಜನವಿದೆ. ಸದಾ ಮಳೆಯ ಬ್ರಿಟನ್ನಿನಲ್ಲಿ ಹಿಂದೆ ಉಕ್ಕಿನ ರಿಮ್ಮಿಗೆಂದೇ ಚರ್ಮದ ತುಂಡು ಕೂರಿಸಿದ ರಬ್ಬರ್ ಮಾರುತ್ತಿದ್ದರು. ಚರ್ಮ ನೀರಿನ ಪದರವನ್ನು ಒರೆಸುತ್ತಿತ್ತು. ಅದನ್ನು ಅಲಾಯ್ ರಿಮ್ಮಿಗೆ ಬಳಸಬಾರದು.

ಉದ್ದನೆಯ ರಬ್ಬರ್ ಹೆಚ್ಚು ಹಿಡಿಯುತ್ತದೆಂಬುದು ಹಲವರ ನಂಬಿಕೆ. ಕೈಯ ಒತ್ತಡ ಅಷ್ಟೇ ಇರುವಾಗ ಮೇಲ್ಮೈ ಹಿಗ್ಗಿದ ಮಾತ್ರಕ್ಕೆ ಘರ್ಷಣೆಯ ಬಲ ಹಿಗ್ಗುವುದಿಲ್ಲ. ಉದ್ದದ ಲಾಭ ಬಾಳಿಕೆಯಲ್ಲಿದೆ: ಸವೆತ ನಿಧಾನ, ಬಿಸಿ ಹಂಚಿಹೋಗುತ್ತದೆ. ಹಿಡಿತವನ್ನು ನಿರ್ಧರಿಸುವುದು ರಬ್ಬರಿನ ಗುಣ ಮತ್ತು ಅದನ್ನು ಕೂರಿಸುವ ರೀತಿ.

ಕೂರಿಸುವಾಗ ನೋಡಬೇಕಾದದ್ದು ಮೂರು. ರಬ್ಬರಿನ ಮೇಲಂಚು ಟೈರಿಗೆ ತಾಗಲೇಬಾರದು. ತಾಗಿದರೆ ಒಂದೇ ಇಳಿಜಾರಿನಲ್ಲಿ ಟೈರಿನ ಪಕ್ಕೆ ಹರಿದು ಟ್ಯೂಬ್ ಸಿಡಿಯಬಹುದು. ಕೆಳಗೆ ರಿಮ್ಮಿನಿಂದ ಜಾರಿ ಕಡ್ಡಿಗಳ ಕಡೆಗೂ ಹೋಗಬಾರದು. ಮೂರನೆಯದಾಗಿ, ಚಕ್ರ ಉರುಳುವ ದಿಕ್ಕಿನಲ್ಲಿ ಮುಂದಿರುವ ತುದಿ ಹಿಂದಿನ ತುದಿಗಿಂತ ಒಂದು ಮಿಲಿಮೀಟರಿನಷ್ಟು ಮೊದಲು ರಿಮ್ಮನ್ನು ಮುಟ್ಟಬೇಕು. ರಬ್ಬರಿನ ಹಿಂದಿನ ತುದಿಗೆ ಪೋಸ್ಟ್ ಕಾರ್ಡ್ ಮಡಿಸಿಟ್ಟು ಬ್ರೇಕ್ ಹಿಡಿದು ನಟ್ಟು ಬಿಗಿದರೆ ಈ ಓರೆ ತಾನಾಗಿ ಬರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಿರುಚುವುದು ರಬ್ಬರ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ತೋಳನ್ನು ನಡುಗಿಸುವುದರಿಂದ. ಈ ಓರೆ ಆ ನಡುಕವನ್ನು ತಡೆಯುತ್ತದೆ.

ಮಲೆನಾಡಿನ ರಸ್ತೆಯಲ್ಲಿ ಒಂದು ದಿನ ಮಳೆಯಲ್ಲಿ ಓಡಿಸಿದರೆ ರಬ್ಬರಿನೊಳಗೆ ಮರಳು, ಅಲ್ಯೂಮಿನಿಯಂ ಚೂರು ಹೂತುಕೊಳ್ಳುತ್ತವೆ. ಅವು ರಿಮ್ಮನ್ನು ಅರದಂತೆ ಉಜ್ಜುತ್ತವೆ. ಸಂಜೆ ತಂಗಿದಲ್ಲಿ ಸೂಜಿಯಿಂದ ಅವನ್ನು ಕಿತ್ತು, ರಿಮ್ ಒರೆಸಿಡುವ ರೂಢಿ ಒಳ್ಳೆಯದು. ರಿಮ್ಮಿನ ಪಕ್ಕೆ ಬೆರಳಿಗೆ ತಗ್ಗಾಗಿ, ಒಳಬಾಗಿದಂತೆ ಸಿಕ್ಕರೆ ಅದರ ಆಯುಸ್ಸು ಮುಗಿಯುತ್ತ ಬಂದಿದೆ. ಗಾಳಿಯ ಒತ್ತಡಕ್ಕೆ ಆ ಗೋಡೆ ಸೀಳಿದರೆ ಬ್ರೇಕೂ ಇಲ್ಲ, ಟೈರೂ ಇಲ್ಲ.

ಬೆರಳಿನ ಬಲ ಎಲ್ಲಿ ಸೋರುತ್ತದೆ?

ಕೊಳವೆಯೊಳಗೆ ಉಕ್ಕಿನ ವೈರ್ ಜಾರಿಸಿ ಬಲವನ್ನು ತಿರುವು ಮುರುವಾದ ದಾರಿಯಲ್ಲೂ ಸಾಗಿಸುವ ಉಪಾಯಕ್ಕೆ 1896ರಲ್ಲಿ ಪೇಟೆಂಟ್ ಪಡೆದವರು ಅರ್ನೆಸ್ಟ್ ಬೌಡನ್. ಇಂದಿಗೂ ಅದೇ ತತ್ತ್ವ. ಅದರ ದೌರ್ಬಲ್ಯವೂ ಹಾಗೇ ಇದೆ: ವೈರ್ ಕೊಳವೆಯ ಗೋಡೆಗೆ ಎಷ್ಟು ಉಜ್ಜುತ್ತದೋ ಅಷ್ಟು ಬಲ ದಾರಿಯಲ್ಲೇ ಕಳೆದುಹೋಗುತ್ತದೆ.

ಈ ಕೊಳವೆಗೆ ಔಟರ್ ಎನ್ನುತ್ತಾರೆ. ಹಳೆಯ ಔಟರ್‌ಗಳಿಗೆ ಒಳಪದರ ಇರಲಿಲ್ಲ. ಉಕ್ಕಿಗೆ ಉಕ್ಕು ಉಜ್ಜುತ್ತಿತ್ತು. ಒಳಗೆ ನುಣುಪಾದ ಪ್ಲಾಸ್ಟಿಕ್ ಪದರವಿರುವ ಇಂದಿನ ಔಟರ್ ಮತ್ತು ತುಕ್ಕು ಹಿಡಿಯದ ಸ್ಟೇನ್‌ಲೆಸ್ ವೈರ್ ಹಾಕಿಸಿದರೆ, ಅದೇ ಬ್ರೇಕ್ ಅರ್ಧ ಬಲಕ್ಕೇ ಹಿಡಿದಂತೆ ಅನ್ನಿಸುತ್ತದೆ. ಔಟರ್ ಕತ್ತರಿಸಿದ ತುದಿಯನ್ನು ಅರದಿಂದ ಸಪಾಟು ಮಾಡಿ, ತುದಿಗೆ ಕ್ಯಾಪ್ ಹಾಕಬೇಕು. ಮೊನೆ ಉಳಿದರೆ ಪ್ರತಿ ಸಲ ಹಿಡಿದಾಗಲೂ ಅದು ಅಮುಕಿಕೊಂಡು ಹಿಡಿ ಸ್ಪಂಜಿನಂತಾಗುತ್ತದೆ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿದಾಗ ಎಳೆತ ಬೀಳದಷ್ಟೇ ಉದ್ದವಿರಲಿ, ಅದಕ್ಕಿಂತ ಹೆಚ್ಚು ಬೇಡ.

ಗೇರಿನ ಔಟರನ್ನು ಬ್ರೇಕಿಗೆ ಎಂದೂ ಬಳಸಬಾರದು. ಬ್ರೇಕಿನ ಔಟರ್‌ನಲ್ಲಿ ಉಕ್ಕಿನ ಪಟ್ಟಿ ಸುರುಳಿ ಸುತ್ತಿರುತ್ತದೆ. ಇಂದಿನ ಗೇರ್ ಔಟರ್‌ನಲ್ಲಿ ತಂತಿಗಳು ಉದ್ದಕ್ಕೆ ನಿಂತಿರುತ್ತವೆ. ಬ್ರೇಕಿನ ಜೋರಾದ ಎಳೆತಕ್ಕೆ ಅದು ಒಡೆದು, ತಂತಿಗಳು ಹೊರಚೆಲ್ಲಬಹುದು. ಅದು ಆಗುವುದು ಅತ್ಯಂತ ಬಲವಾಗಿ ಬ್ರೇಕ್ ಹಿಡಿದ ಕ್ಷಣದಲ್ಲೇ.

ಎಪ್ಪತ್ತರ ದಶಕದ ಡ್ರಾಪ್ ಹ್ಯಾಂಡಲ್‌ಗಳಲ್ಲಿ ಮುಖ್ಯ ಹಿಡಿಯ ಜೊತೆಗೆ, ಹ್ಯಾಂಡಲ್ಲಿನ ಅಡ್ಡ ಭಾಗದ ಕೆಳಗೆ ಚಾಚಿದ ಎರಡನೇ ಹಿಡಿ ಕಾಣುತ್ತದೆ. ನೆಟ್ಟಗೆ ಕೂತು ಓಡಿಸುವವರ ಅನುಕೂಲಕ್ಕೆಂದು ಮಾಡಿದ ಜೋಡಣೆ ಅದು. ಅದು ಬಾಗುತ್ತದೆ, ರಬ್ಬರ್ ಪೂರ್ತಿ ಒತ್ತುವ ಮೊದಲೇ ಹ್ಯಾಂಡಲ್ಲಿಗೆ ತಾಗಿಬಿಡುತ್ತದೆ. ಅದನ್ನು ಬಿಚ್ಚಿ ತೆಗೆಯಿರಿ. ಹೊಸ ಹಿಡಿಗಳನ್ನೇ ಹಾಕಿಸುವುದಾದರೆ, ವೈರ್ ಹ್ಯಾಂಡಲ್ಲಿನ ಟೇಪಿನ ಕೆಳಗೆ ಹಾಯುವ ಈಗಿನ ಮಾದರಿ ಒಳ್ಳೆಯದು. ಕೀಲಿನ ಜಾಗ ಬದಲಾಗಿರುವುದರಿಂದ ಹಿಡಿಯ ಮೇಲ್ಭಾಗದಿಂದ ಹಿಡಿದಾಗಲೂ ಬಲ ಹೆಚ್ಚು ಸಿಗುತ್ತದೆ.

ಅಮೆರಿಕದಿಂದ ಸೈಕಲ್ ತಂದವರು ಇನ್ನೊಂದನ್ನು ಗಮನಿಸಬೇಕು. ಅಲ್ಲಿ ಮುಂದಿನ ಬ್ರೇಕ್ ಎಡಗೈಗೆ, ನಮ್ಮಲ್ಲಿ ಬಲಗೈಗೆ. ಗಾಬರಿಯಾದಾಗ ಕೈ ತನ್ನ ರೂಢಿಯಂತೆ ನಡೆಯುತ್ತದೆ. ಆದ್ದರಿಂದ ವೈರ್ ಬದಲಿಸುವಾಗಲೇ ನಿಮ್ಮ ರೂಢಿಗೆ ತಕ್ಕಂತೆ ಜೋಡಿಸಿಕೊಳ್ಳಿ.

ಮಡ್‌ಗಾರ್ಡ್ ತಂದ ಸಮಸ್ಯೆ, ಫ್ರಾನ್ಸ್ ಕಂಡ ಪರಿಹಾರ

ಟೂರಿಂಗ್ ಸೈಕಲ್ಲಿಗೆ ದಪ್ಪ ಟೈರ್ ಬೇಕು, ಮಡ್‌ಗಾರ್ಡ್ ಬೇಕು. ಎರಡಕ್ಕೂ ಜಾಗ ಬಿಟ್ಟರೆ ಬ್ರೇಕಿನ ತೋಳು ಉದ್ದವಾಗಲೇಬೇಕು. ಕೀಲಿನಿಂದ ರಬ್ಬರ್ ದೂರ ಹೋದಷ್ಟೂ ಒತ್ತುವ ಬಲ ಕಡಿಮೆ. ತೋಳು ಬಾಗುವುದೂ ಹೆಚ್ಚು. ರೇಸ್ ಸೈಕಲ್ಲಿನ ಪುಟ್ಟ ಬ್ರೇಕ್ ಚೆನ್ನಾಗಿ ಹಿಡಿದು, ಅದೇ ಮಾದರಿಯ ಉದ್ದ ತೋಳಿನದು ಟೂರಿಂಗ್ ಸೈಕಲ್ಲಿನಲ್ಲಿ ಸೋಲುವುದಕ್ಕೆ ಕಾರಣ ಇದು.

ಇದಕ್ಕೆ ಉತ್ತರ ಹುಡುಕಿದವರಲ್ಲಿ ಮುಂದಿದ್ದವರು ಫ್ರಾನ್ಸಿನವರು. ಸೇಂಟ್ ಎಟಿಯೆನ್ ಊರಿನ, ವೆಲೋಸಿಯೋ ಎಂಬ ಹೆಸರಿನಿಂದ ಬರೆಯುತ್ತಿದ್ದ ಪಾಲ್ ದ ವಿವಿ (1853–1930) ಗೇರ್ ಇರುವ ಸೈಕಲ್ಲಿನಲ್ಲಿ ಬೆಟ್ಟ ಸುತ್ತುವ ಹವ್ಯಾಸವನ್ನು ಅಲ್ಲಿ ಬೆಳೆಸಿದರು. ಬೆಟ್ಟ ಹತ್ತಿದವರು ಇಳಿಯಬೇಕಲ್ಲ! ಕ್ಲೆರ್ಮಾಂ ಫೆರಾಂ ನಗರದ ಮಾಫಾಕ್ ಕಂಪನಿಯ ಕ್ಯಾಂಟಿಲಿವರ್ ಮತ್ತು ಸೆಂಟರ್ ಪುಲ್ ಬ್ರೇಕುಗಳು ಎರಡನೇ ಮಹಾಯುದ್ಧದ ನಂತರ ಜಗತ್ತಿನೆಲ್ಲೆಡೆ ಹಬ್ಬಿದವು. ಸೆಂಟರ್ ಪುಲ್‌ನಲ್ಲಿ ಎರಡು ತೋಳುಗಳಿಗೂ ಬೇರೆ ಬೇರೆ ಕೀಲು. ನಡುವಿನ ಅಡ್ಡ ವೈರನ್ನು ಮೇಲಕ್ಕೆ ಎಳೆದರೆ ಎರಡೂ ಸಮವಾಗಿ ಒತ್ತುತ್ತವೆ. ಕ್ಯಾಂಟಿಲಿವರ್‌ನಲ್ಲಿ ಕೀಲುಗಳನ್ನು ಫೋರ್ಕಿಗೇ ಬೆಸೆದಿರುತ್ತಾರೆ. ತೋಳು ಗಿಡ್ಡ, ಬಾಗುವಿಕೆ ಕಡಿಮೆ. ನಿಮ್ಮ ಸೈಕಲ್ಲಿನಲ್ಲಿ ಇವೆರಡರಲ್ಲಿ ಒಂದಿದ್ದರೆ ಅದನ್ನು ಬಿಸಾಡಬೇಡಿ. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಕೀಲುಗಳಿಗೆ ತೆಳುವಾಗಿ ಗ್ರೀಸ್ ಹಚ್ಚಿ, ತೋಳು ಅಲುಗಾಡದೆ ಸರಾಗವಾಗಿ ಆಡುವಷ್ಟು ಬಿಗಿದು ಜೋಡಿಸಿ.

ಕ್ಯಾಂಟಿಲಿವರ್ ಇದ್ದವರಿಗೆ ಒಂದು ಪೈಸೆ ಖರ್ಚಿಲ್ಲದ ಸುಧಾರಣೆ ಇದೆ. ಎರಡು ತೋಳುಗಳನ್ನು ಸೇರಿಸುವ ಅಡ್ಡ ವೈರಿನ ನಡುಕೊಂಡಿ ಎತ್ತರದಲ್ಲಿದ್ದರೆ ಬಲ ಕಡಿಮೆ, ಕೆಳಗಿದ್ದರೆ ಹೆಚ್ಚು. ಅದನ್ನು ಟೈರಿನ ಹತ್ತಿರಕ್ಕೆ ಇಳಿಸಿದಂತೆ ಬೆರಳಿನ ಬಲ ಹೆಚ್ಚು ಪಟ್ಟು ರಿಮ್ಮಿಗೆ ಮುಟ್ಟುತ್ತದೆ. ಹಾಗೆಯೇ ಹಿಡಿಯನ್ನು ಇನ್ನಷ್ಟು ದೂರ ಎಳೆಯಬೇಕಾಗುತ್ತದೆ. ಆದ್ದರಿಂದ ರಬ್ಬರನ್ನು ರಿಮ್ಮಿಗೆ ಹತ್ತಿರ ತರಬೇಕು, ರಿಮ್ಮಿನ ಬೆಂಡ್ ತೆಗೆಸಿರಬೇಕು. ವೈರ್ ಕಡಿದುಹೋದರೆ ಆ ಅಡ್ಡ ವೈರ್ ಟೈರಿನ ಮೇಲೆ ಬಿದ್ದು ಚಕ್ರ ಹಠಾತ್ತನೆ ಸಿಕ್ಕಿಕೊಳ್ಳಬಹುದು. ಮಡ್‌ಗಾರ್ಡ್ ಅಥವಾ ತಡೆಯುವ ಕೊಕ್ಕೆ ಇರುವುದು ಇದಕ್ಕಾಗಿ ಅಗತ್ಯ.

ವೈರ್ ಒಂದು ಪಕ್ಕದಿಂದ ಎಳೆಯುವ, ತೆಳು ತೋಳಿನ ಹಳೆಯ ಸೈಡ್ ಪುಲ್ ಬ್ರೇಕ್ ಇದ್ದವರು ಮಾತ್ರ ಬ್ರೇಕನ್ನೇ ಬದಲಿಸಬೇಕಾದೀತು. ತೊಂಬತ್ತರ ದಶಕದಲ್ಲಿ ಬಳಕೆಗೆ ಬಂದ ಎರಡು ಕೀಲಿನ ಸೈಡ್ ಪುಲ್ ಬ್ರೇಕುಗಳಲ್ಲಿ ಉದ್ದ ತೋಳಿನವೂ ಸಿಗುತ್ತವೆ. ಟೆಕ್ಟ್ರೋ ಕಂಪನಿಯ ಒಂದು ಮಾದರಿ 55ರಿಂದ 73 ಮಿಲಿಮೀಟರ್ ಆಳಕ್ಕೆ ಮುಟ್ಟುತ್ತದೆ. ಕೊಳ್ಳುವ ಮೊದಲು ಬೋಲ್ಟಿನ ಮಾದರಿ ನೋಡಿಕೊಳ್ಳಬೇಕು. ಹಳೆಯ ಫೋರ್ಕಿಗೆ ಹಿಂದೆ ಹೊರಗಿನಿಂದ ನಟ್ಟು ಬಿಗಿಯುವ ಉದ್ದ ಬೋಲ್ಟ್ ಬೇಕು.

1996ರಲ್ಲಿ ಶಿಮಾನೋ ತಂದ ವಿ ಬ್ರೇಕನ್ನು ಹಳೆಯ ಹಿಡಿಗಳೊಂದಿಗೆ ಜೋಡಿಸಲು ಹೋಗಬೇಡಿ. ಅದಕ್ಕೆ ಸುಮಾರು ಎರಡರಷ್ಟು ವೈರ್ ಎಳೆತ ಬೇಕು. ಹಳೆಯ ಹಿಡಿ ಹ್ಯಾಂಡಲ್ಲಿಗೆ ತಾಗಿದರೂ ರಬ್ಬರ್ ಪೂರ್ತಿ ಒತ್ತುವುದಿಲ್ಲ. ಹಳೆಯ ಫೋರ್ಕಿಗೆ ಡಿಸ್ಕ್ ಬ್ರೇಕ್ ಬೆಸೆಯಿಸುವುದಂತೂ ಅಪಾಯ. ಡಿಸ್ಕ್ ಬ್ರೇಕ್ ಹಾಕುವ ಒತ್ತಡವೆಲ್ಲ ಫೋರ್ಕಿನ ಒಂದೇ ಕಾಲಿನ ಕೆಳತುದಿಗೆ ಬೀಳುತ್ತದೆ. ತೆಳುವಾದ ಆ ಕಾಲನ್ನು ಅದಕ್ಕೆಂದು ಮಾಡಿಲ್ಲ.

ಇಳಿಜಾರಿನ ಲೆಕ್ಕ

ಸವಾರ, ಸೈಕಲ್, ಸಾಮಾನು ಸೇರಿ 100 ಕಿಲೋ ಎನ್ನಿ. 100 ಮೀಟರ್ ಎತ್ತರ ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 98 ಕಿಲೋಜೂಲ್. ಕಾಲು ಲೀಟರಿಗೂ ಹೆಚ್ಚು ನೀರನ್ನು ಕುದಿಯುವ ಹದಕ್ಕೆ ತರಲು ಅಷ್ಟು ಸಾಕು. ಮೆಲ್ಲಗೆ ಬ್ರೇಕ್ ಒತ್ತಿಕೊಂಡೇ ಇಳಿದರೆ ಇದರ ಬಹುಭಾಗ ರಿಮ್ಮಿನಲ್ಲಿ ಬಿಸಿಯಾಗಿ ಸೇರುತ್ತದೆ. ಟೈರಿನೊಳಗಿನ ಗಾಳಿಯ ಒತ್ತಡವೂ ಏರುತ್ತದೆ. ಆದ್ದರಿಂದ ದಾರಿ ನೇರವಾಗಿ, ಸ್ಪಷ್ಟವಾಗಿ ಕಾಣುವಲ್ಲಿ ಬ್ರೇಕ್ ಬಿಟ್ಟು ನೆಟ್ಟಗೆ ಕೂತು ಗಾಳಿಯೇ ತಡೆಯಲು ಬಿಡಬೇಕು. ತಿರುವಿಗೆ ಮುನ್ನ ಎರಡೂ ಬ್ರೇಕುಗಳನ್ನು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಮತ್ತೆ ಬಿಡಬೇಕು. ಉದ್ದದ ಘಟ್ಟದಲ್ಲಿ ನಡುನಡುವೆ ನಿಂತು ರಿಮ್ ಆರಲು ಬಿಡಬೇಕು. ಮಳೆಯಲ್ಲಾದರೆ ತಿರುವಿಗೆ ಬಹಳ ಮೊದಲೇ ಒಮ್ಮೆ ಹಗುರವಾಗಿ ಒತ್ತಿ ರಿಮ್ಮಿನ ನೀರು ಒರೆಸಿಕೊಳ್ಳಬೇಕು.

ಮುಂದಿನ ಬ್ರೇಕ್ ಹಿಡಿದರೆ ಮಗುಚಿ ಬೀಳುತ್ತೇವೆಂಬ ಹೆದರಿಕೆ ನಮ್ಮಲ್ಲಿ ಬೇರೂರಿದೆ. ನಿಲ್ಲುವಾಗ ಭಾರ ಮುಂದಕ್ಕೆ ವಾಲುತ್ತದೆ. ಹಿಂದಿನ ಚಕ್ರ ಹಗುರಾಗಿ ಜಾರುತ್ತದೆ. ನಿಜವಾಗಿ ನಿಲ್ಲಿಸುವುದು ಮುಂದಿನದೇ. ಎರಡನ್ನೂ ಹದವಾಗಿ ಹಿಡಿದರೆ ಗುರುತ್ವದ ಅರ್ಧದಷ್ಟು ಬಲದಿಂದ ವೇಗ ತಗ್ಗಿಸಬಹುದು. ಸಮತಟ್ಟಾದ ಒಣ ರಸ್ತೆಯಲ್ಲಿ, ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿದ್ದವರು ಬ್ರೇಕ್ ಹಿಡಿದ ಮೇಲೆ ಸುಮಾರು 7 ಮೀಟರಿನಲ್ಲಿ ನಿಲ್ಲುತ್ತಾರೆ. ಹಿಂದಿನದನ್ನಷ್ಟೇ ನಂಬಿದರೆ ಅದರ ಎರಡರಷ್ಟು ದೂರ ಬೇಕು. ತೋಳು ಚಾಚಿ, ಮೈಯನ್ನು ಸೀಟಿನ ಹಿಂದಕ್ಕೆ ಸರಿಸಿ ಮುಂದಿನ ಬ್ರೇಕನ್ನು ಹಂತ ಹಂತವಾಗಿ ಬಿಗಿಯುವುದನ್ನು ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿಕೊಳ್ಳಬೇಕು.

ಹೊರಡುವ ಮುನ್ನ

ಕೆಲಸದ ಕ್ರಮ ಹೀಗಿರಲಿ: ಮೊದಲು ರಿಮ್ ಒರೆಸಿ ಬೆಂಡ್ ತೆಗೆಸುವುದು, ಆಮೇಲೆ ಹೊಸ ರಬ್ಬರ್, ನಂತರ ವೈರ್ ಮತ್ತು ಔಟರ್, ಬಳಿಕ ಹಿಡಿ. ಇಷ್ಟಾದರೂ ಸಾಲದಿದ್ದರೆ ಮಾತ್ರ ಬ್ರೇಕಿನ ತೋಳು. ರಿಮ್ ಉಕ್ಕಿನದಾಗಿದ್ದರೆ, ಹಣ ಒದಗಿದ ದಿನ ಅಲಾಯ್ ರಿಮ್ಮೇ ಮೊದಲ ಖರ್ಚಾಗಲಿ. ಒಂದೊಂದನ್ನು ಬದಲಿಸಿದ ಮೇಲೂ ಓಡಿಸಿ ನೋಡಿ. ಯಾವುದರಿಂದ ಎಷ್ಟು ಲಾಭವಾಯಿತೆಂದು ಕೈಗೇ ತಿಳಿಯುತ್ತದೆ.

ಪರೀಕ್ಷೆಯನ್ನು ಅಂಗಳದಲ್ಲೇ ಮಾಡಬೇಕು. ನಿಂತಲ್ಲೇ ಎರಡೂ ಹಿಡಿಗಳನ್ನು ಮೈಯಲ್ಲಿರುವ ಶಕ್ತಿಯೆಲ್ಲ ಹಾಕಿ ಒತ್ತಿ. ವೈರ್ ಜಾರುವುದಿದ್ದರೆ, ನಟ್ಟು ಸಡಿಲಾಗುವುದಿದ್ದರೆ ಅಲ್ಲೇ ಆಗಲಿ. ಒತ್ತಿದಾಗ ಹಿಡಿ ಹ್ಯಾಂಡಲ್ಲಿಗೆ ತಾಗಬಾರದು. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ. ಹ್ಯಾಂಡಲ್ಲಿನ ಬುಡದಲ್ಲಿ ಟಕ್ ಎಂದರೆ ಅಲ್ಲಿನ ಬೇರಿಂಗ್ ಸಡಿಲಾಗಿದೆ, ಬ್ರೇಕ್ ಹಿಡಿದಾಗ ಫೋರ್ಕ್ ನಡುಗುತ್ತದೆ. ಆಮೇಲೆ ಪ್ರಯಾಣದ ಪೂರ್ತಿ ಹೊರೆ ಹೇರಿ ಸಮತಟ್ಟು ರಸ್ತೆಯಲ್ಲಿ, ನಂತರ ಚಿಕ್ಕ ಇಳಿಜಾರಿನಲ್ಲಿ, ಬಾಟಲಿಯ ನೀರನ್ನು ರಿಮ್ಮಿಗೆ ಸುರಿದು ಮತ್ತೊಮ್ಮೆ. ಒದ್ದೆಯಲ್ಲಿ ಎಷ್ಟು ದೂರಕ್ಕೆ ನಿಲ್ಲುತ್ತದೆಂಬುದು ಗೊತ್ತಿದ್ದವರಷ್ಟೇ ಮಳೆಗಾಲದ ಘಟ್ಟಕ್ಕೆ ಹೊರಡಬೇಕು.

ಈ ಕೆಲಸಗಳಲ್ಲಿ ಯಾವುದಕ್ಕೂ ವಿಶೇಷ ಕಾರ್ಖಾನೆ ಬೇಡ. ಊರಿನ ಸೈಕಲ್ ಶಾಪಿನಲ್ಲಿ ಕಡ್ಡಿ ಬಿಗಿದು ಬೆಂಡ್ ತೆಗೆಯಬಲ್ಲ ಅನುಭವಿ ಕೈಗಳು ಇನ್ನೂ ಇವೆ. ಬೇಕಾದದ್ದು ಸರಿಯಾದ ಬಿಡಿಭಾಗ, ಅವರ ಜೊತೆ ಕೂತು ಮಾಡಿಸುವ ಒಂದು ದಿನದ ತಾಳ್ಮೆ. ಫ್ರೇಮ್ ಮುರಿಯದ, ಫೋರ್ಕ್ ಬಾಗದ ಹಳೆಯ ಟೂರಿಂಗ್ ಸೈಕಲ್ಲನ್ನು ಬ್ರೇಕಿನ ನೆಪಕ್ಕೆ ಗುಜರಿಗೆ ಹಾಕುವುದು ಅನ್ಯಾಯ. ಈ ಸಲದ ಮುಂಗಾರಿಗೆ ಮೊದಲು ಅದನ್ನು ಅಟ್ಟದಿಂದ ಇಳಿಸಿ, ರಬ್ಬರಿಗೆ ಉಗುರು ಒತ್ತಿ ನೋಡುವುದರಿಂದಲೇ ಕೆಲಸ ಶುರುಮಾಡಿ.